ಮೆಕೆಂಝಿ ಎಂಬ ಹೆಸರು, ತವರಿನ ಹೆಸರಿನ ಲೆಕ್ಕ

ಮೆಕೆಂಝಿ ಎಂದೊಡನೆ ಇತಿಹಾಸ ಓದಿಕೊಂಡ ಕನ್ನಡಿಗರಿಗೆ ನೆನಪಾಗುವುದು ಕೈಫಿಯತ್ತುಗಳು, ಅಂದರೆ ಊರೂರಿನ ಸ್ಥಳೀಯ ಚರಿತ್ರೆಯ ಬರಹಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿ ಕೈಗೊಂಡ ಕಾಲಿನ್ ಮೆಕೆಂಝಿ, ಕಾವಲಿ ಸೋದರರಂಥ ಸಹಾಯಕರ ನೆರವಿನಿಂದ ಪಾಳೆಯಗಾರರ ವಂಶಾವಳಿ, ಊರಿನ ದತ್ತಿ, ಗುಡಿಯ ಶಾಸನಗಳನ್ನು ಬರೆಸಿ ತರಿಸಿದ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಹುಟ್ಟಿದ್ದು ಸ್ಕಾಟ್ಲೆಂಡಿನ ವಾಯುವ್ಯ ಸಮುದ್ರದಲ್ಲಿರುವ ಲೂಯಿಸ್ ದ್ವೀಪದ ಸ್ಟೋರ್ನೊವೇಯಲ್ಲಿ. ನಮ್ಮ ಮನೆತನಗಳ ಕಥೆ ಕೂಡಿಸಿದವನ ಮನೆತನದ ಹೆಸರು ಎಲ್ಲಿಂದ ಬಂತೆಂದು ನಾವು ವಿಚಾರಿಸಿದ್ದು ಕಡಿಮೆ. ವಿಚಾರಿಸಿದರೆ ಹೆಸರಿಡುವ ನಮ್ಮ ಪದ್ಧತಿಯ ಬಗ್ಗೆಯೇ ಒಂದೆರಡು ಮಾತು ಹೇಳಬೇಕಾಗುತ್ತದೆ.

ಗೇಲಿಕ್ ಭಾಷೆಯಲ್ಲಿ 'ಮ್ಯಾಕ್' ಎಂದರೆ ಮಗ. ಕೊನ್ಯಖ್ ಎಂಬುವನ ಮಗ ಮೆಕೆಂಝಿ. ಚೆಲುವ ಎಂಬ ಅರ್ಥದ ಆ ಹಳೆಯ ಹೆಸರೇ ಇಂಗ್ಲಿಷಿನಲ್ಲಿ ಕೆನೆತ್ ಆಗಿದೆ. ಹಾಗಾದರೆ ನಡುವೆ 'ಝ' ಹೇಗೆ ಬಂತು? ಹಳೆಯ ಸ್ಕಾಟ್ಸ್ ಬರವಣಿಗೆಯಲ್ಲಿ ಅಂಕಿ 3ರಂತೆ ಕಾಣುವ 'ಯೋಖ್' ಎಂಬ ಅಕ್ಷರವಿತ್ತು, ಅದರ ಉಚ್ಚಾರ 'ಯ'ಕಾರಕ್ಕೆ ಹತ್ತಿರ. ಮುದ್ರಣ ಬಂದಾಗ ಆ ಅಚ್ಚಿನ ಮೊಳೆ ಇಲ್ಲದ ಮುದ್ರಕರು ಆಕಾರದಲ್ಲಿ ಹೋಲುವ ಝಡ್ ಹಾಕಿದರು. ಕಾಲ ಕಳೆದಂತೆ ಓದುವವರೂ ಝಡ್ ಎಂದೇ ಓದಿ, ಮೆಕಿಂಗಿ ಎಂಬಂತಿದ್ದ ಹೆಸರು ಮೆಕೆಂಝಿಯಾಯಿತು. ಮೆನ್ಝೀಸ್ ಎಂದು ಬರೆಯುವ ಹೆಸರನ್ನು ಮಾತ್ರ ಇಂದಿಗೂ ಬಹಳ ಜನ ಮಿಂಗಿಸ್ ಎಂದೇ ಕರೆಯುತ್ತಾರೆ.

ಇನ್ನು ಈ ಹೆಸರಿನವರೆಲ್ಲ ಕೊನ್ಯಖ್‌ನ ಸಂತಾನವೇ? ಅಲ್ಲ. ಹೊರಗಿನವರು ಹೆಚ್ಚಾಗಿ ತಪ್ಪು ತಿಳಿಯುವುದು ಇಲ್ಲೇ. ಈ ಕುಲದ ಮೊದಲ ನೆಲೆ ಪಶ್ಚಿಮ ಕರಾವಳಿಯ ಕಿಂಟೇಲ್. ಅಲ್ಲಿಂದ ರಾಸ್ ಸೀಮೆಯ ಉದ್ದಕ್ಕೂ ಹಬ್ಬಿದ ನಾಯಕರು 17ನೇ ಶತಮಾನದ ಆರಂಭದಲ್ಲಿ ಮ್ಯಾಕ್ಲೌಡರ ಕೈಯಿಂದ ಲೂಯಿಸ್ ದ್ವೀಪವನ್ನೂ ಪಡೆದರು. 1623ರಲ್ಲಿ ಸೀಫೋರ್ತ್ ಅರ್ಲ್ ಪದವಿ ಬಂತು. ನಾಯಕನ ಭೂಮಿ ಉಳುವ ಒಕ್ಕಲುಗಳು, ಅವನ ಆಸರೆ ಬಯಸಿ ಬಂದವರು, ಇವರಲ್ಲಿ ಎಷ್ಟೋ ಮಂದಿ ಅವನ ಹೆಸರನ್ನೇ ತಮ್ಮದಾಗಿಸಿಕೊಂಡರು. ಹಾಗಾಗಿ ಮೆಕೆಂಝಿ ಎಂಬುದು ರಕ್ತಕ್ಕಿಂತ ಹೆಚ್ಚಾಗಿ ನೆಲದ ಮತ್ತು ನಿಷ್ಠೆಯ ಗುರುತು. ನಮ್ಮ ಪಾಟೀಲ, ದೇಸಾಯಿ, ಕುಲಕರ್ಣಿಗಳು ಹುದ್ದೆಯಿಂದ ಬಂದವು. ಬಡಿಗೇರ, ಕಂಬಾರ ಕಸುಬಿನಿಂದ. ಮೆಣಸಿನಕಾಯಿ, ಉಳ್ಳಾಗಡ್ಡಿಯಂಥವು ಸಾಮಾನಿನ ಹೆಸರಿನಿಂದ. ಪಾಟೀಲರೆಲ್ಲ ಒಂದೇ ಬಳ್ಳಿಯವರೆಂದು ಯಾರೂ ನಂಬುವುದಿಲ್ಲ. ಮೆಕೆಂಝಿಗಳ ವಿಷಯದಲ್ಲೂ ಅದೇ ವಿವೇಕ ಬೇಕು.

ಎಡಿನ್‌ಬರೋದ ಪ್ರವಾಸಿ ಅಂಗಡಿಗಳಲ್ಲಿ 'ನಿಮ್ಮ ಮನೆತನದ ಲಾಂಛನ' ಎಂದು ಗುರಾಣಿಯ ಚಿತ್ರ ಮಾರುತ್ತಾರೆ. ಅದು ತಪ್ಪು. ಸ್ಕಾಟಿಷ್ ಕಾನೂನಿನಲ್ಲಿ ಗುರಾಣಿ ಲಾಂಛನ ಒಬ್ಬ ವ್ಯಕ್ತಿಯ ಸ್ವತ್ತು. 1672ರ ಕಾಯಿದೆಯ ಪ್ರಕಾರ ಲಾಂಛನಗಳ ಉಸ್ತುವಾರಿ ನೋಡುವ ಲಾರ್ಡ್ ಲಯನ್ ಕಚೇರಿಯಲ್ಲಿ ಅದು ದಾಖಲಾಗಿರಬೇಕು. ಜಿಂಕೆಯ ತಲೆಯಿರುವ ಗುರಾಣಿ ಕುಲದ ಮುಖ್ಯಸ್ಥನದು. ಉಳಿದ ಮೆಕೆಂಝಿಗಳು ಧರಿಸಬಹುದಾದ್ದು ಬೆಲ್ಟು-ಬಕಲಿನ ಸುತ್ತುಗಟ್ಟಿನೊಳಗೆ ಉರಿಯುವ ಬೆಟ್ಟವಿರುವ ಬಿಲ್ಲೆ. ಅದರ ಲ್ಯಾಟಿನ್ ಬರಹದ ಅರ್ಥ 'ಬೆಳಗುತ್ತೇನೆ, ಸುಡುವುದಿಲ್ಲ'.

ಹೆಸರು ಎಷ್ಟು ಜನಪ್ರಿಯ? ಸ್ಕಾಟ್ಲೆಂಡಿನಲ್ಲಿ ಬಹುಕಾಲದಿಂದ ಸ್ಮಿತ್, ಬ್ರೌನ್, ವಿಲ್ಸನ್ ಮುಂದಿನ ಸಾಲಿನಲ್ಲಿವೆ. ಮೆಕೆಂಝಿ ಮೊದಲ ಹತ್ತರಲ್ಲಿಲ್ಲ, ಆದರೆ ರಾಸ್ ಸೀಮೆಯಲ್ಲಿ, ಲೂಯಿಸ್‌ನಲ್ಲಿ ಹೆಜ್ಜೆಗೊಬ್ಬರು ಸಿಗುತ್ತಾರೆ. ಕೆನಡಾದಲ್ಲಂತೂ ದೊಡ್ಡ ನದಿಗೇ ಈ ಹೆಸರಿದೆ. 1789ರಲ್ಲಿ ಅದರ ಗುಂಟ ಆರ್ಕ್‌ಟಿಕ್ ತಲುಪಿದ ಅಲೆಕ್ಸಾಂಡರ್ ಮೆಕೆಂಝಿಯೂ ಲೂಯಿಸ್‌ನವನೇ.

ಮ್ಯಾಕ್ ಎಂದರೆ ಸ್ಕಾಟಿಷ್, ಮೆಕ್ ಎಂದರೆ ಐರಿಷ್ ಎಂಬ ಮಾತಿಗೆ ಆಧಾರವಿಲ್ಲ. ಗುಮಾಸ್ತ ಬರೆದದ್ದೇ ಕಾಗುಣಿತ. ಒಂದೇ ಕುಟುಂಬದ ಅಣ್ಣತಮ್ಮಂದಿರು ದಾಖಲೆಯಲ್ಲಿ ಮೂರು ಬಗೆಯಾಗಿ ಸಿಗುವುದುಂಟು. ಜನನ, ಮದುವೆ, ಮರಣದ ಹಳೆಯ ದಾಖಲೆಗಳಿರುವ ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಸರಕಾರಿ ಜಾಲತಾಣದಲ್ಲಿ ಪೂರ್ತಿ ಹೆಸರು ಹಾಕಿ ಹುಡುಕಿ ಏನೂ ಸಿಗದೆ ಕೈಬಿಡುವವರು ಎಡವುವುದು ಇಲ್ಲೇ. ಎಂ, ಕೆ, ಎನ್ ಈ ಮೂರು ಅಕ್ಷರ ಉಳಿಸಿ ನಡುವೆಯೂ ಕೊನೆಯಲ್ಲೂ ನಕ್ಷತ್ರ ಚಿಹ್ನೆ ಹಾಕಬೇಕು. ಎಷ್ಟು ಅಕ್ಷರ ಇದ್ದರೂ ಇಲ್ಲದಿದ್ದರೂ ಅದು ಹಿಡಿಯುತ್ತದೆ. ಹುಡುಕಾಟ ಮರಣದಿಂದ ಶುರುವಾಗಿ ಹಿಂದಕ್ಕೆ ಹೋಗಬೇಕು: ಮರಣ, ಮದುವೆ, ಜನನ, ಮತ್ತೆ ಹಿಂದಿನ ತಲೆಮಾರಿನ ಮರಣ. ಸರಕಾರಿ ನೋಂದಣಿ ಆರಂಭವಾದದ್ದು 1855ರ ಜನವರಿ 1ರಂದು. ಆ ಮೊದಲ ವರ್ಷದ ಜನನ ಪತ್ರ ಅಪರೂಪದ್ದು, ತಂದೆತಾಯಿಯ ವಯಸ್ಸು, ಹುಟ್ಟಿದೂರು, ಅದಕ್ಕೂ ಮೊದಲು ಹುಟ್ಟಿದ ಮಕ್ಕಳ ವಿವರವೂ ಅದರಲ್ಲಿದೆ. ಬರೆಯುವುದು ಭಾರವಾಯಿತೆಂದು ಮರುವರ್ಷವೇ ಕಡಿತ ಮಾಡಿದರು. ತಂದೆತಾಯಿಯ ಮದುವೆ ಎಲ್ಲಿ, ಯಾವಾಗ ಎಂಬ ವಿವರ 1856ರಿಂದ 1860ರವರೆಗೆ ಇಲ್ಲ, 1861ರಿಂದ ಮತ್ತೆ ಬರುತ್ತದೆ. ಜನನಕ್ಕೆ 100, ಮದುವೆಗೆ 75, ಮರಣಕ್ಕೆ 50 ವರ್ಷ ತುಂಬಿದ್ದರಷ್ಟೇ ಮೂಲ ಪುಟದ ಚಿತ್ರ ಮನೆಯಲ್ಲೇ ತೆರೆದು ನೋಡಬಹುದು.

ಮರಣ ಪತ್ರವನ್ನು ಪೂರ್ತಿ ನಂಬಬಾರದು. ಮಾಹಿತಿ ಕೊಟ್ಟವನು ಮಗನೋ ನೆರೆಮನೆಯವನೋ ಎಂದು ಮೊದಲು ನೋಡಿ. ಸತ್ತವರ ತಾಯಿಯ ಹೆಸರು ನೆರೆಯವನಿಗೆ ಗೊತ್ತಿರುವುದು ಅಪರೂಪ. 1855ಕ್ಕಿಂತ ಹಿಂದೆ ಇರುವುದು ಚರ್ಚಿನ ಹಳೆಯ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಸೀಮೆ) ಪುಸ್ತಕಗಳು, ಅವುಗಳಲ್ಲಿ ಜನನಕ್ಕಿಂತ ದೀಕ್ಷಾಸ್ನಾನದ ನಮೂದೇ ಹೆಚ್ಚು. ಅತಿ ಹಳೆಯದು 1553ರದು. ಲೂಯಿಸ್‌ನ ಕೆಲವು ಪ್ಯಾರಿಷ್‌ಗಳಲ್ಲಿ 19ನೇ ಶತಮಾನಕ್ಕಿಂತ ಹಿಂದಿನದು ಏನೂ ಇಲ್ಲ. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚು ಇಬ್ಭಾಗವಾದಾಗ ಉತ್ತರದ ಜನ ದೊಡ್ಡ ಸಂಖ್ಯೆಯಲ್ಲಿ ಹೊಸದಾಗಿ ಹುಟ್ಟಿದ ಫ್ರೀ ಚರ್ಚಿಗೆ ಹೋದ ಕಾರಣ, ಮುಂದಿನ ಹನ್ನೆರಡು ವರ್ಷಗಳ ಎಷ್ಟೋ ಮಕ್ಕಳು ಹಳೆಯ ಪುಸ್ತಕದಲ್ಲಿ ಸಿಗುವುದಿಲ್ಲ.

ಒಂದೇ ಊರಲ್ಲಿ ಹತ್ತು ಜನ ಜಾನ್ ಮೆಕೆಂಝಿ ಇದ್ದರೆ? ಹಳ್ಳಿಯವರು ಸರ್‌ನೇಮ್ ಬದಿಗಿಟ್ಟು 'ಇಯಾನ್, ಅಲಸ್ಡೇರನ ಮಗ, ಡೊನಾಲ್ಡನ ಮೊಮ್ಮಗ' ಎಂದು ಸರಪಳಿ ಹೇಳುತ್ತಾರೆ. ಮಲೆನಾಡಿನಲ್ಲಿ ಮೇಲಿನಮನೆ, ಕೆಳಗಿನಮನೆ ಎನ್ನುವಂತೆ ಅಡ್ಡಹೆಸರೂ ಉಂಟು. ಹಿರಿಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು, ಮೂರನೆಯವನಿಗೆ ತಂದೆಯದೇ. ಹಿರಿಮಗಳಿಗೆ ತಾಯಿಯ ತಾಯಿಯದು. ಅಜ್ಜನ ಹೆಸರು ಮೊಮ್ಮಗನಿಗಿಡುವ ನಮಗೆ ಇದು ಹೊಸದಲ್ಲ. ಎಲ್ಲ ಮನೆಯವರೂ ಈ ಕ್ರಮ ಪಾಲಿಸಲಿಲ್ಲ, ಆದ್ದರಿಂದ ಇದು ಸುಳಿವು, ಪುರಾವೆಯಲ್ಲ.

ನನ್ನನ್ನು ಹೆಚ್ಚು ಸೆಳೆಯುವುದು ಹೆಣ್ಣುಮಕ್ಕಳ ಹೆಸರಿನ ವಿಚಾರ. ಗೇಲಿಕ್‌ನಲ್ಲಿ ಮೆಕೆಂಝಿ ಮನೆಯ ಮಗಳಿಗೆ 'ಮ್ಯಾಕ್' ಅಲ್ಲ, 'ನಿಕ್'. ಮದುವೆಯಾದರೂ ಸ್ಕಾಟಿಷ್ ಕಾಗದಪತ್ರಗಳಲ್ಲಿ 'ಮೇರಿ ಮೆಕೆಂಝಿ ಅಥವಾ ಕ್ಯಾಂಪ್‌ಬೆಲ್' ಎಂದು ತವರಿನ ಹೆಸರೇ ಮುಂದೆ. ಸಮಾಧಿಕಲ್ಲಿನ ಮೇಲೂ ತವರಿನ ಹೆಸರು ಕೆತ್ತಿಸುತ್ತಾರೆ. ಮಕ್ಕಳ ಜನನ, ಮದುವೆ, ಮರಣ ಮೂರರಲ್ಲೂ ತಾಯಿಯ ತವರಿನ ಹೆಸರಿಗೆ ಜಾಗವಿದೆ. ಅದರಿಂದಲೇ ಇಲ್ಲಿ ತಾಯಿಯ ಕಡೆಯ ವಂಶವನ್ನೂ ತಂದೆಯ ಕಡೆಯಷ್ಟೇ ಸಲೀಸಾಗಿ ಹಿಡಿಯಬಹುದು. ನಮ್ಮಲ್ಲಿ ಜನನ ಪತ್ರದಲ್ಲಿ ತಾಯಿಯ ಹೆಸರಿರುತ್ತದೆ, ತವರಿನದು ಇರುವುದಿಲ್ಲ. ಮದುವೆಯಾದೊಡನೆ ಎಷ್ಟೋ ಹೆಂಗಸರ ಇನಿಷಿಯಲ್ಲು ಅಪ್ಪನದರಿಂದ ಗಂಡನದಕ್ಕೆ ತಿರುಗುತ್ತದೆ. ಎರಡು ತಲೆಮಾರು ಕಳೆದರೆ ಅಜ್ಜಿ ಯಾವ ಊರಿನ, ಯಾವ ಮನೆಯ ಮಗಳೆಂದು ಹೇಳುವವರಿರುವುದಿಲ್ಲ. ಜಾತಿ ಗೊತ್ತಾಗಬಾರದೆಂದು ಅಡ್ಡಹೆಸರು ಬಿಡುವುದು ಒಪ್ಪತಕ್ಕದ್ದು, ಹಾಗೆ ಬಿಟ್ಟವರಿಗೆ ಹೆಸರು ಹೊರಿಸಬೇಕಿಲ್ಲ. ಆದರೆ ತಾಯಿಯ ತವರಿನ ಹೆಸರು ಸರಕಾರಿ ನಮೂನೆಗೆ ಬರಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಸ್ಕಾಟ್ಲೆಂಡಿನಲ್ಲಿ ಕನ್ನಡಿಗರ ಮನೆಯಲ್ಲಿ ಮಗು ಹುಟ್ಟಿದರೆ 21 ದಿನದೊಳಗೆ ನೋಂದಾಯಿಸಬೇಕು. ಅಪ್ಪನ ಹೆಸರು, ಊರು, ಮನೆತನ, ತಾಯಿಯ ತವರು, ಯಾವುದನ್ನು ಬೇಕಾದರೂ ಸರ್‌ನೇಮ್ ಆಗಿ ಇಡಬಹುದು. ರಿಜಿಸ್ಟ್ರಾರ್ ಎದುರು ಕೂರುವ ಮೊದಲು ಗಂಡಹೆಂಡತಿ ಇಬ್ಬರ ಇನಿಷಿಯಲ್ಲುಗಳನ್ನೂ ಬಿಡಿಸಿ, ಇಂಗ್ಲಿಷ್ ಕಾಗುಣಿತದ ಸಮೇತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ತಾಯಿಯ ಹೆಸರಿನ ಕಾಲಮ್ಮಿನಲ್ಲಿ ಮದುವೆಗೆ ಮುಂಚಿನ ಪೂರ್ತಿ ಹೆಸರು ಬರೆಸಿ. ಸಹಿ ಹಾಕುವ ಮುನ್ನ ಒಂದೊಂದು ಅಕ್ಷರವನ್ನೂ ಓದಿ ನೋಡಿ, ಆಮೇಲೆ ತಿದ್ದಿಸುವುದು ಸುಲಭವಲ್ಲ.