ಏಳನೆಯ ಡಬ್ಬಿ

ಮಹಡಿಯಿಂದ ಟಕ್ ಟಕ್ ಟಕ್ ಎಂದು ಕೇಳಿಸಿತೆಂದರೆ ನನ್ನ ಕೈಯಲ್ಲಿನ ರೊಟ್ಟಿ ಅಲ್ಲಿಗೇ ನಿಲ್ಲುತ್ತದೆ. ಅಲ್ಲಿ ಹಾಸಿರುವ ನನ್ನ ಮಾಡೆಲ್ ರೈಲಿನ ರಿವರ್ಸ್ ಲೂಪಿನ ರಿಲೇ ಅದು, ಕರೆಂಟಿನ ದಿಕ್ಕು ಬದಲಿಸುವ ಸ್ವಿಚ್ಚು. ಹಿಂದೆಯೇ ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ಅದನ್ನು ಕಡಿಯುತ್ತದೆ, ಕಂಪ್ಯೂಟರಿನ ಪರದೆ ಕೆಂಪಾಗುತ್ತದೆ, ಕಾಕಾ ಅವರ ದನಿ ಬರುತ್ತದೆ: “ತಮ್ಮಾ, ನಿನ್ನ ಕಂಪ್ಯೂಟರ್ ಮತ್ತೆ ಕೆಟ್ಟಿತು ನೋಡು.”

ಕಂಪ್ಯೂಟರ್ ಕೆಟ್ಟಿರುವುದಿಲ್ಲ. ಕಾಕಾ ಇನ್ನೊಂದು ಡಬ್ಬಿ ಜೋಡಿಸಿರುತ್ತಾರೆ.

ಮಾಡೆಲ್ ರೈಲು ಸಾಕಿದವರಿಗೆ ಲೂಪಿನ ತಗಾದೆ ಹೊಸದಲ್ಲ. ಹಳಿ ಸುತ್ತಿ ಬಂದು ತನ್ನನ್ನೇ ಕೂಡುವಲ್ಲಿ ಎಡಹಳಿ ಬಲಹಳಿಗೆ ತಾಗಿ ಶಾರ್ಟ್ ಆಗುತ್ತದೆ. ಅದಕ್ಕೇ ಲೂಪಿನ ಎರಡೂ ತುದಿಗಳಲ್ಲಿ ಎರಡೂ ಹಳಿಗಳನ್ನು ಸೀಳಿ, ಒಳಗಿನ ತುಂಡಿಗೆ ಆಟೋ ರಿವರ್ಸರ್ ಮೂಲಕ ಕರೆಂಟ್ ಕೊಡುತ್ತೇವೆ. ಗಾಲಿ ಸೀಳು ದಾಟುವಾಗ ಅದು ಕಣ್ಣು ಮಿಟುಕಿಸುವುದರೊಳಗೆ ಧ್ರುವ ಬದಲಿಸುತ್ತದೆ. ಹಳಿಯಲ್ಲಿ ಬರುವ ಆದೇಶ ಓದುವ ತನ್ನೊಳಗಿನ ಡಿಕೋಡರಿನ ಮಾತು ಮಾತ್ರ ಕೇಳುವ ಡಿಜಿಟಲ್ ಇಂಜಿನ್ನಿಗೆ ಇದರ ಸುದ್ದಿಯೇ ಇರುವುದಿಲ್ಲ. ಕರಾರು ಒಂದೇ: ಇಡೀ ಗಾಡಿ ಆ ತುಂಡಿನೊಳಗೆ ಹಿಡಿಯಬೇಕು. ನನ್ನ ಲೂಪಿನಲ್ಲಿ ಹಿಡಿಯುವುದು ಆರು ಡಬ್ಬಿ.

ಕಾಕಾ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. “1,507 ಮೀಟರಿನ ಪ್ಲಾಟ್‌ಫಾರ್ಮ್ ಇರುವ ಊರಿನಲ್ಲಿ ಆರು ಡಬ್ಬಿಯ ಗಾಡಿಯೇ?” ಎನ್ನುತ್ತಾರೆ. 1:87ರ ಅಳತೆಗೆ ಇಳಿಸಿದರೂ ಅದು 17 ಮೀಟರ್ ದಾಟುತ್ತದೆ, ನಮ್ಮ ಮನೆಯೇ ಅಷ್ಟು ಉದ್ದವಿಲ್ಲ ಎಂದರೆ ಕೇಳುವವರಲ್ಲ. ನಾನು ಚಹಾಕ್ಕೆ ಇಳಿದರೆ ಸಾಕು, ಏಳನೆಯದು ಸೇರಿರುತ್ತದೆ. ಅದೂ ದೀಪದ ಡಬ್ಬಿ, ಹಳಿಯಿಂದ ದೀಪಕ್ಕೆ ಕರೆಂಟ್ ಒಯ್ಯುವ ಲೋಹದ ಗಾಲಿ. ಗಾಡಿಯ ತಲೆ ಹೊರಹೋಗುವ ಸೀಳಿನ ಮೇಲೆ, ಬಾಲ ಒಳಬಂದ ಸೀಳಿನ ಮೇಲೆ. ರಿವರ್ಸರ್ ಎರಡೂ ಕಡೆಯವರಿಗೆ ಹೌದೆಂದ ಪಂಚನಂತೆ ಅತ್ತ ಹೊರಳಿ ಇತ್ತ ಹೊರಳಿ ಕೈಚೆಲ್ಲುತ್ತದೆ.

ನಿನ್ನೆ ಗಾಡಿಯನ್ನೇ ಎತ್ತಿಟ್ಟರೂ ಶಾರ್ಟ್ ಹೋಗಲಿಲ್ಲ. ಬಿಸಿಲಿಗೆ ಹಳಿ ಹಿಗ್ಗಿ ಸೀಳು ಮುಚ್ಚಿತೇನೋ ಎಂದು ಬ್ಲೇಡ್ ತೂರಿಸಿ ನೋಡಿದೆ. ಮಲ್ಟಿಮೀಟರ್ ಹಿಡಿದು ಮೇಜಿನ ಕೆಳಗೆ ಅಂಗಾತ ಮಲಗಿ ಒಂದೊಂದೇ ತಂತಿ ಬಿಚ್ಚಿದೆ.

“ಗಾಲಿಗಳದ್ದೇನೂ ದೋಷವಿಲ್ಲ. ನಾನೇ ಬಡಿದು ನೋಡಿದ್ದೇನೆ” ಎಂದರು ಕಾಕಾ.

“ಯಾವುದರಿಂದ ಬಡಿದಿರಿ ಕಾಕಾ?”

ಅವರ ಕಾಲದಲ್ಲಿ ಸುತ್ತಿಗೆಯಿಂದ ಗಾಲಿ ಬಡಿದು, ನಾದ ಕೇಳಿ ಬಿರುಕು ಹಿಡಿಯುತ್ತಿದ್ದರು. ಇಷ್ಟು ಸಣ್ಣ ಗಾಲಿಗೆ ಸುತ್ತಿಗೆ ಎಲ್ಲಿ ಸಿಗಬೇಕು? ಅಡುಗೆಮನೆಯ ಸ್ಟೀಲ್ ಚಮಚ ಸಿಕ್ಕಿದೆ. ಒಂದೊಂದು ಗಾಲಿಗೂ ಕಿವಿಗೊಟ್ಟು ತಪಾಸಣೆ ಮುಗಿಸಿ, ಮುಂದಿನ ಪಾಳಿಯವರಿಗೆಂಬಂತೆ ಅದನ್ನು ಸುರಂಗದೊಳಗೆ ಎರಡೂ ಹಳಿಗಳ ಮೇಲೆ ಅಡ್ಡಲಾಗಿ ಇಟ್ಟಿದ್ದರು. ಚಮಚ ಹಿಡಿದು ತೋರಿಸಿದರೆ, “ಹಳಿಗೆ ಕರೆಂಟ್ ಬಿಡು ಎಂದು ನಿನಗೆ ಹೇಳಿದವರು ಯಾರು?” ಎಂದು ನನಗೇ ಗದರಿದರು.

ನಾನೂ ಗದರಬೇಕೆಂದಿದ್ದೆ. ಅಷ್ಟರಲ್ಲಿ ಗಾಡಿ ಹಳಿಗೇರಿ ದೀಪ ಹತ್ತಿತು. ಕಾಕಾ ಬಾಗಿ ಕಿಟಕಿಗಳನ್ನು ನೋಡುತ್ತ ಗದಗ–ಹೊಟಗಿ ಮೀಟರ್‌ಗೇಜ್ ಗಾಡಿಯ ಮಾತು ತೆಗೆದರು. ಆ ಮೀಟರ್‌ಗೇಜ್ ಈಗಿಲ್ಲ, ಅವರ ಜೊತೆ ಡಬ್ಬಿ ರಿಪೇರಿ ಮಾಡಿದವರಲ್ಲಿಯೂ ಉಳಿದವರು ಕಡಿಮೆ.

ಇವತ್ತು ಏಳನೆಯ ಡಬ್ಬಿಗೆ ಪ್ಲಾಸ್ಟಿಕ್ ಗಾಲಿ ಹಾಕಿದೆ. ಗಾಡಿ ಸಲೀಸಾಗಿ ಲೂಪ್ ದಾಟಿತು, ಆ ಒಂದು ಡಬ್ಬಿಗೆ ಮಾತ್ರ ದೀಪವಿಲ್ಲ. “ಪ್ರಯಾಣಿಕರು ಕತ್ತಲಲ್ಲಿ ಕೂರಬೇಕೇ?” ಎಂದು ಕೇಳಿ ಕಾಕಾ ಈಗ ಹಳೆಯ ಗಾಲಿಗಳನ್ನು ಹುಡುಕುತ್ತಿದ್ದಾರೆ.