ಗುಂಡಿನ ತೂಕ ನೋಡಿ ಬೋಲ್ಟ್ ಹಾಕಬೇಡಿ

ಮಿಷಿಗನ್ ಸರೋವರದಲ್ಲಿ ಸಾಲ್ಮನ್ ಹಿಡಿಯಬೇಕೆಂದು 16 ಅಥವಾ 18 ಅಡಿಯ ಅಲ್ಯೂಮಿನಿಯಂ ದೋಣಿ ಕೊಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಗಾಳವನ್ನು ಆಳಕ್ಕೆ ಇಳಿಸುವ ಯಂತ್ರ, ಅಂದರೆ ಡೌನ್‌ರಿಗ್ಗರ್, ಯಾವ ಕಂಪನಿಯದು ತಗೊಳ್ಳಲಿ, ಕ್ಯಾನನ್ನಾ, ಸ್ಕಾಟಿನಾ? ಷಿಕಾಗೊ, ಮಿಲ್ವಾಕೀ ಕಡೆ ನೆಲೆಸಿ ಈ ಹುಚ್ಚು ಹತ್ತಿಸಿಕೊಂಡ ನಮ್ಮವರೂ ಇದನ್ನೇ ಕೇಳುತ್ತಾರೆ. ಎರಡೂ ಒಳ್ಳೆಯವೇ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ: ಅದು ದೋಣಿಯ ಯಾವ ಜಾಗದ ಮೇಲೆ ಕೂರುತ್ತದೆ, ಅದರ ಕೆಳಗೆ ಏನಿದೆ? ನಾನೂರು ಐನೂರು ಡಾಲರ್ ಯಂತ್ರಕ್ಕೆ ಸುರಿದು, ಅದನ್ನು ನಾಲ್ಕು ಸ್ಕ್ರೂಗಳ ಮೇಲೆ ನಿಲ್ಲಿಸಿದ ದೋಣಿಗಳು ನೀರಿಗೆ ದೋಣಿ ಇಳಿಸುವ ಯಾವ ರ‍್ಯಾಂಪಿಗೆ ಹೋದರೂ ಕಣ್ಣಿಗೆ ಬೀಳುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಚಿನೂಕ್ ಸಾಲ್ಮನ್‌ಗೆ 50ರಿಂದ 55 ಡಿಗ್ರಿ ಫ್ಯಾರನ್‌ಹೀಟ್ ತಣ್ಣೀರು ಇಷ್ಟ. ಆಗಸ್ಟ್‌ನಲ್ಲಿ ಮೇಲ್ನೀರು 70 ಡಿಗ್ರಿ ತಲುಪಿದಾಗ ಆ ತಂಪು 50, 60, ಕೆಲವೊಮ್ಮೆ 80 ಅಡಿ ಕೆಳಗಿರುತ್ತದೆ. ಗಂಟೆಗೆ ಎರಡೂವರೆ ಮೈಲಿ ಓಡುವ ದೋಣಿಯಿಂದ ಗಾಳವನ್ನು ಅಷ್ಟು ಆಳಕ್ಕೆ ಒಯ್ದು ಅಲ್ಲೇ ನಿಲ್ಲಿಸಬೇಕಾದರೆ ಭಾರ ಬೇಕು. ಹಾಗಾಗಿ ಉಕ್ಕಿನ ಕೇಬಲ್ ಸುತ್ತಿದ ರಾಟೆ, ಅದರ ಮುಂದೊಂದು ತೋಳು, ತೋಳಿನ ತುದಿಯಿಂದ ಇಳಿಬಿದ್ದ 8ರಿಂದ 12 ಪೌಂಡಿನ ಸೀಸದ ಗುಂಡು. ಗಾಳದ ದಾರವನ್ನು ಗುಂಡಿನ ಹತ್ತಿರದ ಕ್ಲಿಪ್ಪಿಗೆ ಸಿಕ್ಕಿಸುತ್ತಾರೆ. ಮೀನು ಕಚ್ಚಿ ಎಳೆದರೆ ದಾರ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತದೆ, ಆಮೇಲೆ ಭಾರದ ಹಂಗಿಲ್ಲದೆ ಮೀನಿಗೂ ನಿಮಗೂ ನೇರ ಜಗ್ಗಾಟ. ಈ ಸರೋವರಕ್ಕೆ ಕೋಹೊ ಸಾಲ್ಮನ್ ಬಿಟ್ಟದ್ದು 1966ರಲ್ಲಿ, ಚಿನೂಕ್ ಬಿಟ್ಟದ್ದು 1967ರಲ್ಲಿ. ಮಿಷಿಗನ್ ರಾಜ್ಯದ ಮೀನುಗಾರಿಕೆ ವಿಭಾಗದ ಮುಖ್ಯಸ್ಥರಾಗಿದ್ದ ಹೊವರ್ಡ್ ಟ್ಯಾನರ್ ಶುರುಮಾಡಿದ ಕೆಲಸ ಅದು. ಡೌನ್‌ರಿಗ್ಗರ್ ಇಲ್ಲಿ ಮನೆಮಾತಾದದ್ದು ಅದರ ಬೆನ್ನಿಗೇ.

ಈಗ ಲೆಕ್ಕ. ತೋಳಿನ ಉದ್ದ 24 ಇಂಚು, ಗುಂಡು 10 ಪೌಂಡ್, ಯಂತ್ರ ಕೂರುವ ಅಡಿತಟ್ಟೆಯ, ಅಂದರೆ ಬೇಸಿನ, ಬೋಲ್ಟುಗಳ ನಡುವೆ 4 ಇಂಚು ಅಂತರ ಎಂದಿಟ್ಟುಕೊಳ್ಳಿ. ಬಾವಿಯ ಏತದ ಲೆಕ್ಕವೇ ಇದು. ತುದಿಯಲ್ಲಿ 10 ಪೌಂಡ್ ತೂಗಿದರೆ ಒಳಬದಿಯ ಎರಡು ಬೋಲ್ಟುಗಳನ್ನು ಮೇಲಕ್ಕೆ ಕೀಳುವ ಬಲ ಸುಮಾರು 60 ಪೌಂಡ್, ಅಂದರೆ ಒಂದೊಂದಕ್ಕೆ 30. ಇಷ್ಟನ್ನು ಯಾವ ಸ್ಕ್ರೂ ಬೇಕಾದರೂ ತಡೆಯುತ್ತದೆ. ಅದಕ್ಕೇ ಜನ ಮೋಸ ಹೋಗುವುದು. ಗುಂಡು ತಳದ ಬಂಡೆಗೋ, ಮುಳುಗಿದ ಮರಕ್ಕೋ, ಹಳೆಯ ಬಲೆಗೋ ಸಿಕ್ಕಿಕೊಂಡ ಗಳಿಗೆಯಲ್ಲಿ ಎಳೆಯುವುದು ಗುಂಡಲ್ಲ, ಇಡೀ ದೋಣಿ. ಸಾಮಾನ್ಯ ಕೇಬಲ್ ತಡೆಯುವುದು 150 ಪೌಂಡ್. ಅದು ಹರಿಯುವವರೆಗೂ ಬೋಲ್ಟುಗಳ ಮೇಲೆ 900 ಪೌಂಡ್, ಒಂದೊಂದಕ್ಕೆ 450. ತೋಳು 48 ಇಂಚಿನದಾದರೆ ಇದರ ಎರಡರಷ್ಟು. ಸಾಲದ್ದಕ್ಕೆ ಆ ಎಳೆತ ನೇರ ಕೆಳಕ್ಕಲ್ಲ, ಹಿಂದಕ್ಕೆ. ಪಕ್ಕಕ್ಕೆ ಚಾಚಿದ ತೋಳನ್ನು ಹಿಂದಕ್ಕೆ ಎಳೆದರೆ ಬೇಸು ತಿರುಚಿಕೊಳ್ಳುತ್ತದೆ, ತಿರುಗುಬೇಸಿನ ಪಿನ್ನು ಮೊದಲು ಸೋಲುತ್ತದೆ. ಬೋಲ್ಟ್ ಆರಿಸುವಾಗ ಲೆಕ್ಕ ಹಿಡಿಯಬೇಕಾದ್ದು ಈ ಬಲವನ್ನು.

ಹಾಗಾದರೆ ಎಲ್ಲಿ ಕೂರಿಸಬೇಕು? ಸಣ್ಣ ದೋಣಿಗೆ ಎರಡು ಸಾಕು, ಎಡಕ್ಕೊಂದು ಬಲಕ್ಕೊಂದು. ಮೋಟಾರ್ ಕೂರುವ ಹಿಂಗೋಡೆಯಿಂದ ಒಂದು ಒಂದೂವರೆ ಅಡಿ ಮುಂದೆ, ಪಕ್ಕದ ಗೋಡೆಯ ಮೇಲಂಚಿನಲ್ಲಿ. ಇಲ್ಲಿ ಅದಕ್ಕೆ ಗನಲ್ ಅನ್ನುತ್ತಾರೆ. ತೂತು ಕೊರೆಯುವ ಮುಂಚೆ ಬೇಸನ್ನು ಸಿ-ಕ್ಲ್ಯಾಂಪಿನಲ್ಲಿ ಹಿಡಿಸಿ, ದೋಣಿ ಟ್ರೇಲರ್ ಮೇಲಿರುವಾಗಲೇ ಎಲ್ಲವನ್ನೂ ಆಡಿಸಿ ನೋಡಿ. ಹಿಡಿಕೆ ತಿರುಗಿಸುವಾಗ ಗೆಣ್ಣು ಎಲ್ಲಿಗಾದರೂ ಬಡಿಯುತ್ತದೆಯೇ? ಮೋಟಾರನ್ನು ಪೂರ್ತಿ ತಿರುಗಿಸಿದಾಗ, ಮೇಲೆತ್ತಿದಾಗ ತಗಲುತ್ತದೆಯೇ? ಬಲೆ ಹಿಡಿದು ನಿಲ್ಲಲು ಒಂದು ಮೂಲೆಯಾದರೂ ಖಾಲಿ ಉಳಿಯಿತೇ? ಎಲ್ಲಕ್ಕಿಂತ ಮುಖ್ಯ, ತೋಳಿನ ತುದಿಯ ಗುಂಡನ್ನು ಸೊಂಟ ಗನಲ್ ದಾಟದಂತೆ ಕೈಚಾಚಿ ಹಿಡಿಯಲು ಆಗುತ್ತದೆಯೇ? ಆಗದಿದ್ದರೆ ತೋಳು ಉದ್ದವಾಯಿತು ಅಂತಲೇ ಅರ್ಥ. 16 ಅಡಿಯ ದೋಣಿಗೆ 24 ಇಂಚು ಸರಿಯಾದ ಅಳತೆ. ದೊಡ್ಡ ಚಾರ್ಟರ್ ದೋಣಿಗಳ ಐದಡಿ ತೋಳು ನೋಡಿ ಆಸೆಪಡಬೇಡಿ.

ತಿರುವಿನಲ್ಲಿ ಏನಾಗುತ್ತದೆ ಅನ್ನುವುದನ್ನು ಬಹಳ ಜನ ತಲೆಕೆಳಗಾಗಿ ತಿಳಿದಿರುತ್ತಾರೆ. ಹಿಂದೆ ಎಳೆದುಕೊಂಡು ಬರುವ ವಸ್ತು ಯಾವಾಗಲೂ ತಿರುವಿನ ಒಳಮೈ ಹಿಡಿದು ಬರುತ್ತದೆ, ಎತ್ತಿನ ಗಾಡಿಯ ಹಿಂದಕ್ಕೆ ಕಟ್ಟಿದ ಹಗ್ಗದ ಹಾಗೆ. ನೀವು ಬಲಕ್ಕೆ ತಿರುಗಿಸಿದರೆ ಎಡಗಡೆಯ ಕೇಬಲ್ ದೋಣಿಯ ಅಡಿಗೆ, ಮೋಟಾರಿನ ಕಡೆಗೆ ವಾಲುತ್ತದೆ. ನಿಧಾನ ಓಟಕ್ಕೆಂದು ದೊಡ್ಡ ಮೋಟಾರಿನ ಪಕ್ಕ ಕೂರಿಸುವ ಸಣ್ಣ ಕಿಕ್ಕರ್ ಮೋಟಾರ್ ಯಾವ ಬದಿಗಿದೆಯೋ ಆ ಬದಿಯ ಡೌನ್‌ರಿಗ್ಗರನ್ನು ಇನ್ನಷ್ಟು ಮುಂದಕ್ಕೆ ಕೂರಿಸುವುದು ಇದಕ್ಕಾಗಿ. ಪ್ರೊಪೆಲ್ಲರ್‌ಗೆ ಉಕ್ಕಿನ ಕೇಬಲ್ ಸುತ್ತಿತೆಂದರೆ ಅಲೆಗಳ ನಡುವೆ ಮೋಟಾರ್ ಸತ್ತಂತೆ.

ಕೊರೆಯುವ ಕೆಲಸಕ್ಕೆ ಬರೋಣ. ರಿವೆಟ್ ಹೊಡೆದ ದೋಣಿಗಳ ಗನಲ್ ತಗಡು ಇಂಚಿನ ಹತ್ತನೇ ಒಂದು ಭಾಗದ ಆಸುಪಾಸು ಇರುತ್ತದೆ. ತಾನೇ ಕೊರೆದುಕೊಳ್ಳುವ ಸ್ಕ್ರೂಗೆ ಇದರಲ್ಲಿ ಕಚ್ಚಲು ಎರಡು ಸುತ್ತು ಎಳೆ ಸಿಕ್ಕರೆ ಹೆಚ್ಚು. ಪಾಪ್ ರಿವೆಟ್ಟೂ ಬೇಡ. ಆರಪಾರು ಬೋಲ್ಟ್ ಒಂದೇ ದಾರಿ: ಕಾಲಿಂಚಿನ ಸ್ಟೇನ್‌ಲೆಸ್ ಬೋಲ್ಟ್, ಬೇಸಿನ ತೂತಿನಲ್ಲಿ ಹಿಡಿಸಿದರೆ 5/16 ಇಂಚಿನದು. ಕೆಳಗೆ ಕಾಲಿಂಚು ದಪ್ಪದ ಅಲ್ಯೂಮಿನಿಯಂ ಪ್ಲೇಟು, ಬೇಸಿಗಿಂತ ಎಲ್ಲ ಕಡೆ ಎರಡಿಂಚು ದೊಡ್ಡದು. ಗನಲ್ ಅಗಲ ಸಾಲದಿದ್ದರೆ ಪ್ಲೇಟನ್ನು ಉದ್ದಕ್ಕೆ ಹತ್ತು ಹನ್ನೆರಡು ಇಂಚು ಬಿಡಿ. ಬರೀ ಅಗಲ ವಾಷರ್ ಹಾಕಿ ಮುಗಿಸಿದರೆ ಮೊದಲ ದಿನ ಏನೂ ಆಗುವುದಿಲ್ಲ. ಪ್ರತಿ ಅಲೆಗೂ ತಗಡು ಒಂದಿಷ್ಟು ಬಾಗಿ ಬಾಗಿ, ಮೂರನೆಯ ಬೇಸಿಗೆಗೆ ತೂತಿನ ಅಂಚಿನಿಂದ ಕೂದಲೆಳೆಯ ಬಿರುಕು ಹೊರಡುತ್ತದೆ.

ಕೆಲವು ದೋಣಿಗಳ ಗನಲ್ ಒಳಗೆ ಪೊಳ್ಳು. ಅಲ್ಲಿ ನಟ್ ಬಿಗಿದಂತೆಲ್ಲ ಕೊಳವೆ ಚಪ್ಪಟೆಯಾಗುತ್ತದೆ, ಬಿಗಿ ಕೂತಿತು ಎಂದು ನಮಗೆ ಭ್ರಮೆ. ಪ್ರತಿ ಬೋಲ್ಟಿಗೂ ಒಳಗಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ ಅಲ್ಯೂಮಿನಿಯಂ ಕೊಳವೆ ತುಂಡು ತೂರಿಸಿ, ಒತ್ತಡವನ್ನು ಅದು ಹೊರಲಿ.

ಕೊರೆಯುವ ಮುಂಚೆ ಕೈಹಾಕಿ ಕೆಳಗೇನಿದೆ ನೋಡಿ: ಪೆಟ್ರೋಲ್ ಪೈಪು, ವೈರು, ತೇಲಿಸುವ ಫೋಮು. ಗುರುತಿನ ಜಾಗಕ್ಕೆ ಟೇಪು ಅಂಟಿಸಿ 1/8 ಇಂಚಿನಲ್ಲಿ ದಾರಿ ಮಾಡಿ, ಆಮೇಲೆ ಕಾಲಿಂಚಿನ ಬೋಲ್ಟಿಗಾದರೆ 17/64ರಲ್ಲಿ ಹಿಗ್ಗಿಸಿ. ನಾಲ್ಕೂ ತೂತು ಒಟ್ಟಿಗೆ ಬೇಡ. ಒಂದು ಕೊರೆದು ಬೋಲ್ಟ್ ತೂರಿಸಿ, ಬೇಸನ್ನು ನೇರ ಮಾಡಿಕೊಂಡು ಅದರ ಎದುರು ಮೂಲೆಯದನ್ನು ಕೊರೆಯಿರಿ, ಉಳಿದೆರಡು ಕೊನೆಗೆ. ಒಳಗೆ ನೈಲಾನ್ ಬಳೆ ಇರುವ ಸ್ಟೇನ್‌ಲೆಸ್ ನೈಲಾಕ್ ನಟ್ಟಿಗೆ ಇಂಪ್ಯಾಕ್ಟ್ ಡ್ರೈವರ್ ಮುಟ್ಟಿಸಲೇಬೇಡಿ. ಬಿಸಿಯಾಗಿ ಎಳೆಗೆ ಎಳೆ ಕಚ್ಚಿಕೊಂಡರೆ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು, ಬೋಲ್ಟನ್ನೇ ಕುಯ್ಯಬೇಕು. ಎಳೆಗಳಿಗೆ ಟೆಫ್‌ಜೆಲ್ ಹಚ್ಚಿ ಸ್ಪ್ಯಾನರಿನಲ್ಲಿ ನಿಧಾನವಾಗಿ ತಿರುಗಿಸಿ. ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಒದ್ದೆಯಲ್ಲಿ ಕೂಡಿದರೆ ಅಲ್ಯೂಮಿನಿಯಂ ಕರಗುವುದನ್ನೂ ಆ ಜೆಲ್ ತಡೆಯುತ್ತದೆ. ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡರೆ ಆ ಸವೆತ ಶುರುವಾಗಿದೆ ಎಂದೇ ತಿಳಿಯಿರಿ.

ತೆರೆದ 14 ಅಡಿಯ ಹಳೆ ದೋಣಿಗಳಿಗೆ ಎಡ ಬಲ ಗನಲ್‌ಗಳ ಮೇಲೆ ಅಡ್ಡ ಹಲಗೆ ಹಾಕಿ ಅದರ ಎರಡು ತುದಿಗೆ ಡೌನ್‌ರಿಗ್ಗರ್ ಕೂರಿಸುವ ಪದ್ಧತಿ ಇದೆ. ಒಳ್ಳೆಯ ಪದ್ಧತಿ, ಭಾರ ಎರಡೂ ಬದಿಗೆ ಹಂಚಿಹೋಗುತ್ತದೆ. ಆದರೆ ಹಸಿರು ಬಣ್ಣದ ಔಷಧಿ ಕುಡಿಸಿದ ಹಲಗೆ ಮಾತ್ರ ಬೇಡ, ಅದರಲ್ಲಿರುವ ತಾಮ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಕ್ಲ್ಯಾಂಪಿನಲ್ಲಿ ಸಿಕ್ಕಿಸುವ ಪುಟ್ಟ ಡೌನ್‌ರಿಗ್ಗರ್‌ಗಳು ಒಳನಾಡಿನ ಕೆರೆಗೆ, 4 ಪೌಂಡಿನ ಗುಂಡಿಗೆ ಸರಿ. ಈ ಸರೋವರಕ್ಕಲ್ಲ.

ಫೈಬರ್‌ಗ್ಲಾಸ್ ದೋಣಿಯ ಕಷ್ಟ ಬೇರೆ. ಮೇಲುಹಾಸಿನ ಎರಡು ಪದರಗಳ ನಡುವೆ ಬಾಲ್ಸಾ ಮರವೋ ಪ್ಲೈವುಡ್ಡೋ ಇರುತ್ತದೆ, ತೂತಿನಿಂದ ಇಳಿದ ನೀರು ಅದನ್ನು ಒಳಗೊಳಗೇ ಕೊಳೆಸುತ್ತದೆ. ದೊಡ್ಡ ತೂತು ಕೊರೆದು, ಮಂದ ಮಾಡಿದ ಎಪಾಕ್ಸಿ ಅಂಟು ತುಂಬಿ, ಅದು ಒಣಗಿದ ಮೇಲೆ ಅದರ ನಡುವೆ ಬೋಲ್ಟಿನ ತೂತು ಕೊರೆಯಿರಿ. ಸೀಲ್ ಮಾಡಲು ಬ್ಯೂಟೈಲ್ ಟೇಪ್ ಅಥವಾ 3ಎಂ ಕಂಪನಿಯ 4200 ಅಂಟು. ಅದೇ ಕಂಪನಿಯ 5200 ಹಾಕಿದರೆ ಮುಂದೆ ಬೇಸು ಬಿಚ್ಚುವಾಗ ಮೇಲ್ಪದರವೂ ಕಿತ್ತು ಬರುತ್ತದೆ.

ಕೈಯಿಂದ ತಿರುಗಿಸುವುದೋ, ಎಲೆಕ್ಟ್ರಿಕ್ಕೋ? ಸಣ್ಣ ದೋಣಿಗೆ ಮೊದಲು ಕೈಯದೇ ಇರಲಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದು ಸುತ್ತಿಗೆ ಎರಡಡಿ ಸುತ್ತುವ ಮಾದರಿಯಾದರೆ 60 ಅಡಿಗೆ 30 ಸುತ್ತು, ಯಾರೂ ಸಾಯುವುದಿಲ್ಲ. ಒಬ್ಬರೇ ಹೋಗುವವರಿಗೆ, ಭುಜದ ನೋವಿರುವವರಿಗೆ ಎಲೆಕ್ಟ್ರಿಕ್ ನಿಜಕ್ಕೂ ಬೇಕು. ಆಗ ವೈರಿನಲ್ಲಿ ಜಿಪುಣತನ ಮಾಡಬಾರದು. ಬ್ಯಾಟರಿವರೆಗೆ ವೈರು ಹಾಯುವ ದಾರಿ 20 ಅಡಿ ಇದ್ದರೆ ಹೋಗಿ ಬರುವುದು ಸೇರಿ 40 ಅಡಿ. 14 ಗೇಜಿನ ವೈರಿನಲ್ಲಿ 20 ಆಂಪಿಯರ್ ಹರಿದರೆ ಎರಡು ವೋಲ್ಟ್ ದಾರಿಯಲ್ಲೇ ಸೋರುತ್ತದೆ, ಅದಕ್ಕಿಂತ ದಪ್ಪದ 10 ಗೇಜಿನಲ್ಲಿ 0.8 ವೋಲ್ಟ್. ಮೋಟಾರ್ ಮುಕ್ಕರಿಯುತ್ತದೆ, ಬಿಸಿಯಾಗುತ್ತದೆ ಎಂದು ಯಂತ್ರವನ್ನು ಬೈಯುವವರು ಮೊದಲು ವೈರಿನ ದಪ್ಪ ನೋಡಲಿ. ತವರ ಲೇಪಿಸಿದ ಮರೀನ್ ವೈರು, ಒಂದೊಂದು ಯಂತ್ರಕ್ಕೂ ತಯಾರಕರು ಹೇಳಿದ ಆಂಪಿಯರಿನ ಪ್ರತ್ಯೇಕ ಬ್ರೇಕರ್, ಅದೂ ಬ್ಯಾಟರಿಯಿಂದ 7 ಇಂಚಿನೊಳಗೆ. ಅಲ್ಯೂಮಿನಿಯಂ ದೋಣಿಯ ಮೈಯನ್ನೇ ನೆಗೆಟಿವ್ ವೈರಾಗಿ ಬಳಸಿದರೆ ದೋಣಿಯ ಮೈ ತೂತಾಗುತ್ತದೆ. ಮೋಟಾರ್ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಇದಕ್ಕೆ ಮುಟ್ಟಬೇಡಿ, ಬೇರೆ ಡೀಪ್ ಸೈಕಲ್ ಬ್ಯಾಟರಿ ಇಡಿ.

ಇಟ್ಟ ಕೂಡಲೇ ಇನ್ನೊಂದು ಲೆಕ್ಕ ಹುಟ್ಟುತ್ತದೆ. ಎರಡು ಎಲೆಕ್ಟ್ರಿಕ್ ಯಂತ್ರ ಸುಮಾರು 40 ಪೌಂಡ್, ನಾಲ್ಕು ಗುಂಡು 40, ಬ್ಯಾಟರಿ 50ರಿಂದ 60. ಹಿಂಭಾಗದಲ್ಲಿ ಹೆಚ್ಚುವರಿಯಾಗಿ ಒಬ್ಬ ಮನುಷ್ಯ ಇಡೀ ದಿನ ನಿಂತ ಹಾಗಾಯಿತು. ಬ್ಯಾಟರಿಯನ್ನು ಮುಂದಕ್ಕೆ ಸಾಗಿಸಿ, ದಪ್ಪ ವೈರಿಗೆ ಖರ್ಚು ಮಾಡಿ. ದೋಣಿಯ ಒಳಗೆ ಅಂಟಿಸಿದ ಸಾಮರ್ಥ್ಯದ ಫಲಕದಲ್ಲಿರುವ ಪೌಂಡುಗಳಲ್ಲಿ ಇದನ್ನೂ ಕಳೆಯಿರಿ. 1967ರ ಸೆಪ್ಟೆಂಬರ್ 23ರಂದು ಕೋಹೊ ಹಿಡಿಯಲು ಮಿಷಿಗನ್ ರಾಜ್ಯದ ಫ್ರಾಂಕ್‌ಫರ್ಟ್ ಮತ್ತು ಪ್ಲ್ಯಾಟ್ ಕೊಲ್ಲಿಯ ಕಡೆ ನೂರಾರು ಸಣ್ಣ ದೋಣಿಗಳು ಇಳಿದಿದ್ದಾಗ ಬಿರುಗಾಳಿ ಎದ್ದು ಏಳು ಜನ ಸತ್ತರು. ಹಿಂಗೋಡೆ ತಗ್ಗಾದ ದೋಣಿಗೆ ಈ ಸರೋವರ ಎರಡನೆಯ ಅವಕಾಶ ಕೊಡುವುದಿಲ್ಲ.

ಬೋಲ್ಟು ಪ್ಲೇಟು ಎಲ್ಲ ಸರಿಯಾದ ಮೇಲೂ ನಿಮ್ಮನ್ನು ಕಾಯುವುದು ಕ್ಲಚ್, ಎಳೆತ ಮಿತಿ ಮೀರಿದಾಗ ಜಾರಿ ರಾಟೆಯಿಂದ ಕೇಬಲ್ ಬಿಡುವ ಬಿಗಿ. ಅದನ್ನು ಬಿಗಿದುಬಿಟ್ಟರೆ ಮೇಲಿನ 900 ಪೌಂಡಿನ ಲೆಕ್ಕ ನಿಜವಾಗುತ್ತದೆ. ಮೀನು ತೂಗುವ ತಕ್ಕಡಿಯನ್ನು ಕೇಬಲ್ ತುದಿಗೆ ಸಿಕ್ಕಿಸಿ ಎಳೆಯಿರಿ. 10 ಪೌಂಡಿನ ಗುಂಡಿಗೆ 20ರಿಂದ 25 ಪೌಂಡಿನಲ್ಲಿ ಜಾರಬೇಕು. ಅಲೆ ಜೋರಿದ್ದಾಗ ಒಂದಿಷ್ಟು ತಾನಾಗಿ ಜಾರಿದರೆ ಅರ್ಧ ಸುತ್ತು ಬಿಗಿ ಮಾಡಿ, ಅಷ್ಟೇ. ತಳಕ್ಕೆ ಸಿಕ್ಕಿಕೊಂಡಾಗ ಮೋಟಾರನ್ನು ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಸಡಿಲಿಸಿ, ದೋಣಿಯನ್ನು ಗುಂಡಿನ ನೇರ ಮೇಲಕ್ಕೆ ತಂದು ಬಿಡಿಸಿ. ಬರದಿದ್ದರೆ ಕತ್ತರಿಸಿ. ಉಕ್ಕು ಕತ್ತರಿಸುವ ಕಟ್ಟರ್ ಪೆಟ್ಟಿಗೆಯ ತಳದಲ್ಲಿದ್ದರೆ ಇಲ್ಲದ ಹಾಗೇ, ಚಾಲಕನ ಕೈಗೆಟುಕುವಲ್ಲಿ ದಾರಕ್ಕೆ ಕಟ್ಟಿ ತೂಗುಹಾಕಿ. ಉಕ್ಕಿನ ಕೇಬಲ್ ಬದಲು ಹೆಣೆದ ದಾರ ಸುತ್ತಿಸಿದವರಿಗೆ ಚಾಕು ಸಾಕು.

ಕೇಬಲ್ ಹೆಚ್ಚಾಗಿ ಹರಿಯುವುದು ಗುಂಡಿನ ಹತ್ತಿರದ ಕ್ರಿಂಪಿನಲ್ಲಿ, ಅಂದರೆ ತುದಿ ಬಿಚ್ಚದಂತೆ ಅದುಮಿದ ಲೋಹದ ಕೊಳವೆಯಲ್ಲಿ. ವರ್ಷಕ್ಕೊಮ್ಮೆ ಕೊನೆಯ ಹತ್ತಡಿ ಕತ್ತರಿಸಿ ಹೊಸ ಕ್ರಿಂಪ್ ಹಾಕಿ. ಬಟ್ಟೆಯಲ್ಲಿ ಹಿಡಿದು ಕೇಬಲ್ ಸವರಿದಾಗ ಒಂದು ಎಳೆ ಚುಚ್ಚಿದರೂ ಅಲ್ಲಿಗೇ ಕಡಿಯಿರಿ. ರಸ್ತೆಯಲ್ಲಿ ಟ್ರೇಲರ್ ಎಳೆಯುವಾಗ ಯಂತ್ರಗಳನ್ನು ಬೇಸಿನಿಂದ ಕಳಚಿ ಕಾರಿನೊಳಗಿಡಿ, ಹೆದ್ದಾರಿಯ ಅದುರಾಟ ಬೋಲ್ಟುಗಳನ್ನು ಅಲೆಗಿಂತ ಹೆಚ್ಚು ಸಡಿಲಿಸುತ್ತದೆ. ಗುಂಡುಗಳನ್ನು ಉರುಳದಂತೆ ಬಕೆಟ್ಟಿನಲ್ಲಿಡಿ. ಮೂರನೆಯ ಸಲ ನೀರಿಗಿಳಿದು ಬಂದ ಮೇಲೆ ಒಮ್ಮೆ ಸ್ಪ್ಯಾನರ್ ಹಿಡಿದು ಎಂಟೂ ನಟ್ ಮುಟ್ಟಿ ನೋಡಿ. ಸೀಲಿನ ಟೇಪು ಅಷ್ಟರಲ್ಲಿ ಅದುಮಿಕೊಂಡು ತೆಳುವಾಗಿರುತ್ತದೆ, ಕಾಲು ಸುತ್ತು ಬೇಕೇ ಬೇಕಾಗುತ್ತದೆ.