ಪರ-ವಿರೋಧ: ಫುಟ್‌ಬಾಲ್ ಕ್ಲಬ್ಬಿನ ಅಭಿಮಾನ ವ್ಯಾಪಾರ ಕಲಿಸುತ್ತದೆಯೇ?

ಪರ

2018ರ ಮಾರ್ಚ್ 17. ಕಂಠೀರವ ಸ್ಟೇಡಿಯಂನ ವೆಸ್ಟ್ ಬ್ಲಾಕ್‌ನಲ್ಲಿ ನಿಂತಿದ್ದೆ. ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ನಮ್ಮ ಬೆಂಗಳೂರು ಎಫ್‌ಸಿಗೆ (ಬಿಎಫ್‌ಸಿ) 40 ಅಂಕ, ಎರಡನೇ ಸ್ಥಾನದ ಚೆನ್ನೈ ತಂಡ ಚೆನ್ನೈಯಿನ್‌ಗೆ 32. ಇವೆರಡರ ಫೈನಲ್ ನಮ್ಮೂರಲ್ಲೇ. ಒಂಬತ್ತನೇ ನಿಮಿಷಕ್ಕೆ ಸುನಿಲ್ ಛೆಟ್ರಿ ಮುಂದಕ್ಕೆ ಹಾರಿ ಚೆಂಡಿಗೆ ತಲೆ ಕೊಟ್ಟರು, ಗೋಲು! ಪಕ್ಕದವನ ಕೈ ತಗುಲಿ ನನ್ನ ಟೀ ಪೂರ್ತಿ ಚೆಲ್ಲಿಹೋಯಿತು. ಯಾರಿಗೆ ಬೇಕಿತ್ತು ಟೀ?

ಆಮೇಲೆ ಚೆನ್ನೈಯಿನ್‌ಗೆ ಒಂದು ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಅವಕಾಶ. ಮೈಲ್ಸನ್ ಆಲ್ವೆಸ್ ಹೆಡರ್ ಹೊಡೆದ, 1-1. ಅರ್ಧ ಆಟ ಮುಗಿಯುವ ಹೊತ್ತಿಗೆ ಇನ್ನೊಂದು ಕಾರ್ನರ್. ಅದೇ ಆಲ್ವೆಸ್, ಅದೇ ತಲೆ. ಕೊನೆಗೆ 2-3ಕ್ಕೆ ಸೋತೆವು.

ನನ್ನದು ಮದುವೆ ಪತ್ರಿಕೆ, ಬಿಲ್ ಬುಕ್ ಅಚ್ಚು ಹಾಕುವ ಸಣ್ಣ ಪ್ರೆಸ್. ಆ ವರ್ಷ ಎರಡು ಸಲ ಪತ್ರಿಕೆಯಲ್ಲಿ ತಾರೀಖು ಸರಿ, ವಾರ ತಪ್ಪು ಬಿದ್ದಿತ್ತು. ಎರಡು ಸಲವೂ ಹುಡುಗನನ್ನು ಬೈದು ಸುಮ್ಮನಾಗಿದ್ದೆ. ಮ್ಯಾಚ್ ಮುಗಿಸಿ ಮನೆಗೆ ನಡೆಯುವಾಗ ತಲೆಗೆ ಹೊಳೆಯಿತು: ಮೊದಲ ಗೋಲು ಆಲ್ವೆಸ್‌ನದು, ಎರಡನೆಯದು ನಮ್ಮದೇ ತಪ್ಪು. ಅಂದಿನಿಂದ ನಮ್ಮಲ್ಲಿ ಒಬ್ಬರು ಪ್ರೂಫ್ ಜೋರಾಗಿ ಓದಬೇಕು, ಇನ್ನೊಬ್ಬರು ಕ್ಯಾಲೆಂಡರ್ ಹಿಡಿದು ನೋಡಬೇಕು.

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಗೋವಾ ವಿರುದ್ಧ ಫೈನಲ್. ಹೆಚ್ಚುವರಿ ಸಮಯ, 117ನೇ ನಿಮಿಷ. ಡಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದ, ರಾಹುಲ್ ಭೇಕೆ ಹೆಡರ್ ಹೊಡೆದ. ಕಪ್ ನಮ್ಮದಾಯಿತು. ಕಾರ್ನರ್‌ನಲ್ಲಿ ಕಳೆದದ್ದು ಕಾರ್ನರ್‌ನಲ್ಲೇ ಬಂತು. ಇದನ್ನು ಯಾವ ಕಾಲೇಜು ಕಲಿಸುತ್ತೆ ಹೇಳಿ? ಭಾವ ನಗುತ್ತಾರೆ, ನಗಲಿ.

ವಿರೋಧ

ನಗುವುದಕ್ಕೆ ಕಾರಣ ಇದೆ. ಬಾಮೈದನ ಪ್ರೆಸ್ಸಿನ ಲೆಕ್ಕ ಬರೆಯುವವನು ನಾನೇ. ಆ ಎರಡನೇ ಸಲ ಹುಡುಗಿಯ ಅಪ್ಪ ಅಂಗಡಿಗೇ ಬಂದು ಕೂತು, 400 ಪತ್ರಿಕೆ ಪುಕ್ಕಟೆ ಮತ್ತೆ ಹಾಕಿಸಿಕೊಂಡು ಹೋದರು. ಕಾಗದದ ಖರ್ಚಿನ ಚೀಟಿ ನನ್ನ ಫೈಲಿನಲ್ಲಿದೆ. ಪಾಠ ಕಲಿಸಿದವರು ಅವರು. ಆಲ್ವೆಸ್ ಅಲ್ಲ.

ಅಭಿಮಾನಿ ಆಗುವುದು ತಪ್ಪು ಅನ್ನುತ್ತಿಲ್ಲ. ಆದರೆ ಅಭಿಮಾನಿಯ ಬುದ್ಧಿ ಬೇರೆ, ಗಿರಾಕಿಯ ಬುದ್ಧಿ ಬೇರೆ. 2023-24ರಲ್ಲಿ ಬಿಎಫ್‌ಸಿ 12 ತಂಡಗಳಲ್ಲಿ 10ನೆಯದಾಯಿತು. ಇವನು ಮುಂದಿನ ಸೀಸನ್‌ಗೂ ಹೋದ. ಪತ್ರಿಕೆ ಕೆಟ್ಟರೆ ಇವನ ಗಿರಾಕಿ ಹಾಗೆ ಬರುತ್ತಾನಾ? ರಸ್ತೆ ದಾಟಿ ಎದುರು ಪ್ರೆಸ್ಸಿಗೆ ಹೋಗುತ್ತಾನೆ. ಎಷ್ಟು ಸೋತರೂ ಬಿಟ್ಟು ಹೋಗದ ಗಿರಾಕಿ ಇರುವ ಏಕೈಕ ವ್ಯಾಪಾರ ಕ್ಲಬ್. ಅದನ್ನು ನೋಡಿ ಅಂಗಡಿ ನಡೆಸುವುದು ಹೇಗೆ?

ಆ ವ್ಯಾಪಾರವೂ ನೆಟ್ಟಗೆ ನಡೆಯುತ್ತದೆಯೇ ಅಂದರೆ, ಅದೂ ಇಲ್ಲ. ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಕ್ಲಬ್ ಮುಂದಿನ ವರ್ಷಗಳ ಟಿಕೆಟ್ ಹಣದ ಮೇಲೆ ಸಾಲ ಎತ್ತಿತು. 2001ರಲ್ಲಿ ಯುರೋಪಿನ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್ ಆಡಿದ್ದ ತಂಡ 2004ರಲ್ಲಿ ತನ್ನ ದೇಶದ ಮೇಲಿನ ದರ್ಜೆಯ ಪ್ರೀಮಿಯರ್ ಲೀಗ್‌ನಿಂದಲೇ ಕೆಳಗೆ ಬಿತ್ತು. ನಮ್ಮ ಬಿಎಫ್‌ಸಿಯ ಹಿಂದೆ ಜೆಎಸ್‌ಡಬ್ಲ್ಯೂನಂಥ ದೊಡ್ಡ ಉಕ್ಕಿನ ಕಂಪನಿ ಇದೆ. ಆದರೂ 2025ರ ಆಗಸ್ಟ್‌ನಲ್ಲಿ, ಐಎಸ್‌ಎಲ್ ನಡೆಯುತ್ತೋ ಇಲ್ಲವೋ ಗೊತ್ತಾಗದೆ, ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಸಣ್ಣ ಪ್ರೆಸ್ಸಿನವನು ಹಾಗೆ ಮಾಡಿದರೆ ಮರುದಿನ ಮೆಷಿನ್ ಓಡಿಸಲು ಯಾರು ಬರುತ್ತಾರೆ?

ಅಭಿಮಾನದಿಂದ ಇವನು ನಿಜವಾಗಿ ಕಲಿತದ್ದು ಇನ್ನೊಂದಿದೆ. ಪ್ರೆಸ್ಸಿನಲ್ಲಿ ಹಳೇ ಆಫ್‌ಸೆಟ್ ಮೆಷಿನ್ ಒಂದಿದೆ. ರಿಪೇರಿಗೆ ಸುರಿದ ದುಡ್ಡು ಕೂಡಿಸಿದರೆ ಸೆಕೆಂಡ್ ಹ್ಯಾಂಡ್ ಮೆಷಿನ್ ಬರುತ್ತಿತ್ತು. ಮಾರಿಬಿಡು ಅಂದರೆ, "ಈ ಸೀಸನ್ ಒಂದು ನೋಡೋಣ ಭಾವ" ಅನ್ನುತ್ತಾನೆ. ಮೊನ್ನೆ ಭಾನುವಾರ ಅದು ಮತ್ತೆ ನಿಂತಿತ್ತು. ನಾನು ಹೋದಾಗ ನೀಲಿ ಜರ್ಸಿ ಹಾಕಿಕೊಂಡೇ ಅದರ ಕೆಳಗೆ ತೂರಿಕೊಂಡು, ಸ್ಪ್ಯಾನರ್ ಕೊಡಿ ಅಂತ ಕೈ ಚಾಚಿದ. ಕೊಟ್ಟೆ.